ರೆಕ್ಕೆಯ ಎಡಬದಿ

ನಾಲ್ಕು ವರ್ಷ ನಾನು ಗಾಳಿಯಂತ್ರದ ರೆಕ್ಕೆಗಳ ಹಿಂದೆ ನಡೆದೆ. ನಡೆಯುವುದೇ ನನ್ನ ಕೆಲಸವಾಗಿತ್ತು.

ಅಂಥ ರೆಕ್ಕೆ ಹೊತ್ತ ಟ್ರೇಲರ್ ರಸ್ತೆಯಲ್ಲಿ ಹೋಗುವುದನ್ನು ನೀವೂ ನೋಡಿರಬಹುದು. ಎಲ್ಲರೂ ಮೊದಲು ಮುಂದಿನ ಲಾರಿಯನ್ನು ನೋಡುತ್ತಾರೆ. ಆಮೇಲೆ ಬರುತ್ತಲೇ ಇರುವ ಆ ಬಿಳಿ ಉದ್ದವನ್ನು ನೋಡುತ್ತಾರೆ. ಅದು ದಾಟುವ ಹೊತ್ತಿಗೆ ನೋಡಿ ನೋಡಿ ದಣಿದು ತಮ್ಮ ತಮ್ಮ ಕೆಲಸಕ್ಕೆ ತಿರುಗಿರುತ್ತಾರೆ. ಕೊನೆಯ ಗಾಲಿಗಳ ಬದಿಯಲ್ಲಿ, ಕೊರಳಿಗೆ ಒಂದು ರಿಮೋಟಿನ ಡಬ್ಬಿ ನೇತುಹಾಕಿಕೊಂಡು ನಡೆಯುವವನು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಗಾಲಿಗಳನ್ನು ಡ್ರೈವರ್ ತಿರುಗಿಸುತ್ತಾನೆ, ಹಿಂದಿನ ಗಾಲಿಗಳನ್ನು ಈ ನಡೆಯುವವನು ತಿರುಗಿಸುತ್ತಾನೆ. ಹಾಗಿಲ್ಲದಿದ್ದರೆ ಅಷ್ಟುದ್ದದ ವಸ್ತು ನಮ್ಮ ಊರುಗಳ ಒಂದು ತಿರುವನ್ನೂ ದಾಟಲಾರದು.

ನನ್ನೂರು ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ಬಳಿ. ಮೊದಲು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಹಿಂದೆ ಎರಡು ಟ್ರ್ಯಾಲಿ ಕಟ್ಟಿಕೊಂಡು ಫ್ಯಾಕ್ಟರಿಯ ಅಂಗಳದಲ್ಲಿ ರಿವರ್ಸ್ ಹಾಕುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಒಂದು ಹಂಗಾಮಿನಲ್ಲಿ ಸಾಗಾಣಿಕೆ ಕಂಪನಿಯ ಮೇಲ್ವಿಚಾರಕನೊಬ್ಬ ಅಲ್ಲಿ ನಿಂತು ಚಹಾ ಕುಡಿಯುತ್ತ ನಾನು ಟ್ರ್ಯಾಲಿ ತಿರುಗಿಸುವುದನ್ನು ನೋಡಿದ. ನಾನು ಕೆಳಗೆ ಇಳಿದ ಮೇಲೆ ಹತ್ತಿರ ಬಂದು, "ಹಿಂದ ಇರೂ ಸಾಮಾನು ಎಲ್ಲಿಗೆ ಹೋಗತೈತಿ ಅನ್ನೂದು ನಿನಗ ನೋಡದನ ತಿಳೀತೈತಲ್ಲೋ" ಎಂದ. ಅದೊಂದು ಮಾತಿಗೆ ನಾನು ಕಲಘಟಗಿಯ ಹಸಿರು ಬಿಟ್ಟು ಗಿಡವಿಲ್ಲದ ಬಯಲಿಗೆ ಬಂದೆ.

ನವಲಗುಂದ, ಅಣ್ಣಿಗೇರಿಯ ಕಡೆಯ ಆ ಎರೆ ಬಯಲಿನಲ್ಲಿ ನನಗೆ ಮೊದಮೊದಲು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮ ಕಡೆ ಎಲ್ಲಿ ನೋಡಿದರೂ ಒಂದು ಮರ ಅಡ್ಡ ಬರುತ್ತದೆ, ಒಂದು ದಿಬ್ಬ ಅಡ್ಡ ಬರುತ್ತದೆ. ಇಲ್ಲಿ ಕಣ್ಣಿಗೆ ಏನೂ ಅಡ್ಡ ಬರುತ್ತಿರಲಿಲ್ಲ. ನೋಟ ಹೋಗುತ್ತಲೇ ಇತ್ತು. ಕಡಲೆ, ಕುಸುಬೆ, ಜೋಳ, ಅದರಾಚೆ ಕಪ್ಪು ನೆಲ, ಅದರಾಚೆ ನೀರೋ ಆಕಾಶವೋ ತಿಳಿಯದ ಒಂದು ಬೆಳ್ಳನೆಯ ಗೆರೆ. ಆ ಗೆರೆಯ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಅವಕ್ಕೆ ರೆಕ್ಕೆ ಮುಟ್ಟಿಸುವವರು ನಾವು.

ನಮ್ಮ ಟ್ರೇಲರಿನ ಡ್ರೈವರ್ ನವಲಗುಂದದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ದಿನವಿಡೀ ನಾವು ಮಾತಾಡುತ್ತಿದ್ದೆವು, ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅವರು ಆ ತುದಿಯ ಕ್ಯಾಬಿನ್ನಿನಲ್ಲಿ, ನಾನು ಈ ತುದಿಯ ಧೂಳಿನಲ್ಲಿ. ನಡುವೆ ಒಂದು ಓಣಿಯಷ್ಟು ಉದ್ದದ ರೆಕ್ಕೆ. ಅವರ ದನಿ ನನ್ನ ಹೆಗಲಿಗೆ ಕಟ್ಟಿದ ವಾಕಿಟಾಕಿಯಲ್ಲಿ ಬರುತ್ತಿತ್ತು.

"ತಮ್ಮಾ, ಬಲಕ್ಕ ತಗೋತೇನಿ. ಬಾಲ ಹೊರಗ ಬರ್ತೈತಿ ನೋಡು."

"ಬರ್ರಿ ಅಣ್ಣಾರ. ಸಾವಕಾಶ. ಇನ್ನೂ ಐತಿ, ಇನ್ನೂ ಐತಿ. ಹಾಂ, ಸಾಕು."

ಕಷ್ಟದ ತಿರುವು ಬಂದಾಗ ಅವರು ವಾಕಿಟಾಕಿಯ ಗುಂಡಿ ಒತ್ತಿ ಒಂದು ಸ್ವರ ಹಿಡಿಯುತ್ತಿದ್ದರು, ನನ್ನ ಮಾತು ಕೇಳಲು ಉಸಿರಿಗೊಮ್ಮೆ ಗುಂಡಿ ಬಿಡುತ್ತಿದ್ದರು. ಹಾಡೇನೂ ಅಲ್ಲ, ಒಂದೇ ಸ್ವರ. ಹರೆಯದಲ್ಲಿ ಕುಂದಗೋಳದ ಸಂಗೀತದ ಬೈಠಕ್ಕುಗಳಿಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತು ಕೇಳುವ ಹುಚ್ಚು ಅವರಿಗಿತ್ತಂತೆ. "ಹಾಡೂದು ನನಗ ಬರಲಿಲ್ಲ, ತಂಬೂರಿ ಅಷ್ಟ ಬಂತು" ಎಂದು ನಗುತ್ತಿದ್ದರು. ಆ ಸ್ವರ ನೆಟ್ಟಗಿದ್ದರೆ ಗಾಡಿ ಸರಿಯಾಗಿ ಹೊರಟಿದೆ ಎಂದು ನನಗೆ ತಿಳಿಯುತ್ತಿತ್ತು. ಅದು ಸ್ವಲ್ಪ ನಡುಗಿದರೆ ನನ್ನ ಬೆರಳು ತಾನಾಗಿಯೇ ರಿಮೋಟಿನ ಮೇಲೆ ಬಿಗಿಯಾಗುತ್ತಿತ್ತು.

ಈಗ ಆ ದಿನಗಳನ್ನು ನೆನೆದರೆ ಅವು ನಿದ್ದೆಯಲ್ಲಿ ಕಂಡಂತೆ ಬರುತ್ತವೆ. ಕಾರ್ತೀಕ ಮುಗಿದ ಮೇಲಿನ ಮುಂಜಾನೆಗಳಲ್ಲಿ ಬಯಲಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತಿತ್ತು. ಅದರಲ್ಲಿ ಗಾಲಿಗಳು ಮುಳುಗುತ್ತಿದ್ದವು. ರೆಕ್ಕೆಯೊಂದೇ ಮೇಲೆ ತೇಲಿಕೊಂಡು ಹೋಗುತ್ತಿತ್ತು, ಅದನ್ನು ಯಾರೂ ಎಳೆಯುತ್ತಿಲ್ಲವೇನೋ ಎಂಬಂತೆ. ಕಡಲೆ ಹೊಲಗಳಲ್ಲಿ ಹೆಂಗಸರು ಗಿಡಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಚರಿಗೆಗೆ ಹಿಂಡಿಕೊಳ್ಳುತ್ತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹಾಗೆಯೇ ನಿಂತು ನಮ್ಮನ್ನು ನೋಡುತ್ತಿದ್ದರು. ಬಿಸಿಲೇರಿದಂತೆ ರೆಕ್ಕೆಯ ನೆರಳು ಹೊಲದ ಮೇಲೆ ಜಾರುತ್ತ ಒಬ್ಬೊಬ್ಬರ ಮೈಮೇಲೂ ಹಾದುಹೋಗುತ್ತಿತ್ತು. ಒಮ್ಮೆ ಅಣ್ಣಿಗೇರಿಯ ಆಚೆ ಒಬ್ಬ ಮುದುಕಿ ನನ್ನ ಬದಿಯಲ್ಲಿ ನಡೆದು ಬರುತ್ತ ಕೇಳಿದಳು.

"ಯಪ್ಪಾ, ಇದು ಎಂಥಾ ಪಕ್ಷೀದು?"

"ಪಕ್ಷೀದಲ್ಲಬೇ ಆಯಿ, ಗಾಳಿ ಪಂಖಾದ್ದು."

"ಒಂದ ಐತಲ್ಲ, ಇನ್ನೊಂದೆಲ್ಲೈತಿ?"

"ಒಂದು ನಿನ್ನಿ ಹೋತು, ಒಂದು ನಾಳಿ ಬರತೈತಿ. ಒಂದಕ್ಕ ಮೂರು ಬೇಕಬೇ."

ಅವಳು ಸ್ವಲ್ಪ ಯೋಚಿಸಿ, "ಮೂರು ರೆಕ್ಕಿ ಕಟ್ಟಿದ್ರ ಅದು ಹಾರೂದಿಲ್ಲ, ತಿರಗತೈತಿ ಅಷ್ಟ" ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ನಾನು ಅದನ್ನು ವಾಕಿಟಾಕಿಯಲ್ಲಿ ಅಣ್ಣಾರಿಗೆ ಹೇಳಿದೆ. ಮೈಲಿಗಟ್ಟಲೆ ದೂರದವರೆಗೂ ಅವರು ಅದನ್ನೇ ನೆನೆನೆನೆದು ನಕ್ಕರು.

ಮೂರನೆಯ ವರ್ಷದ ಕೊನೆಗೆ ಅವರ ಮಾತಿನಲ್ಲಿ ಒಂದು ಬದಲಾವಣೆ ಬಂತು. ಮೊದಲು ಬಾಲ ಎಲ್ಲಿದೆ, ಮೇಲಿನ ಕರೆಂಟಿನ ತಂತಿ ಎಷ್ಟೆತ್ತರಕ್ಕಿದೆ ಎಂದು ಕೇಳುತ್ತಿದ್ದವರು ಈಗ ಎಡಗಡೆಯನ್ನು ಕೇಳತೊಡಗಿದರು. "ತಮ್ಮಾ, ಎಡಕ್ಕ ಎಷ್ಟೈತಿ?" ನೆಟ್ಟನೆಯ ರಸ್ತೆಯಲ್ಲೂ ಕೇಳುತ್ತಿದ್ದರು, ಎದುರಿಗೆ ಬಸ್ಸು ಬಂದರೂ ಕೇಳುತ್ತಿದ್ದರು. ನಾನು ಹಿಂದಿನಿಂದ ಕಂಡದ್ದನ್ನು ಹೇಳುತ್ತಿದ್ದೆ. ಒಂದು ದಿನ ಮುಂದಿನ ಎಡಗಾಲಿ ಒಂದು ಮೈಲಿಗಲ್ಲನ್ನು ಸವರಿಕೊಂಡು ಹೋಯಿತು. ಕಲ್ಲಿನ ಹಳದಿ ಬಣ್ಣ ಟೈರಿಗೆ ಮೆತ್ತಿತ್ತು. "ಬಿಸಿಲು ಕಣ್ಣಾಗ ಬಡೀತೋ" ಎಂದರು. ಬಿಸಿಲು ಆಗ ನಮ್ಮ ಬೆನ್ನಿಗಿತ್ತು. ಅದು ನನಗೆ ಗೊತ್ತಿತ್ತು. ಆದರೂ ಒಂದು ಬಟ್ಟೆ ತಂದು ಟೈರಿನ ಬಣ್ಣ ಒರೆಸಿಬಿಟ್ಟೆ.

ಚಹಾದ ಅಂಗಡಿಯಲ್ಲಿ ಎಡಗಡೆ ಇಟ್ಟ ಗ್ಲಾಸು ಅವರ ಕೈ ತಾಗಿ ಉರುಳಿತು. ನಾನು ಇನ್ನೊಂದು ಚಹಾ ಹೇಳಿದೆ. ದಿನಕ್ಕೆ ನೂರು ಸಲ ನನ್ನ ಮಾತು ಕೇಳಿ ಗಾಡಿ ಓಡಿಸುವ ಮನುಷ್ಯನಿಗೆ ಇದೊಂದು ಮಾತು ಹೇಳುವುದು ನನ್ನಿಂದಾಗಲಿಲ್ಲ. ಹೇಳಿದರೆ ಅವರ ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆಗೆ. ಇನ್ನೊಂದನ್ನು ಈಗ ಒಪ್ಪಿಕೊಳ್ಳಬೇಕು. ಅವರಿಲ್ಲದ ಆ ರಸ್ತೆ ನನಗೆ ಬೇಡವಾಗಿತ್ತು.

ಒಂದು ರವಿವಾರ ನವಲಗುಂದದಲ್ಲಿ ಅವರ ಮನೆಗೆ ಊಟಕ್ಕೆ ಹೋದೆ. ಅವರ ಹೆಂಡತಿ ಜಮಖಾನೆ ನೇಯುವವರು. ನಾನು ವೈನಿ ಎನ್ನುತ್ತಿದ್ದೆ. ಪಡಸಾಲೆಯ ಗೋಡೆಗೆ ಮಗ್ಗ ನಿಂತಿತ್ತು. ಅದರಲ್ಲಿ ಕೆಂಪು ನೆಲದ ಮೇಲೆ ಒಂದು ನವಿಲು ಅರ್ಧ ಎದ್ದಿತ್ತು. ಕಾಲು ಮತ್ತು ಹೊಟ್ಟೆ ಮುಗಿದಿದ್ದವು, ಕುತ್ತಿಗೆ ಇನ್ನೂ ನೂಲಿನಲ್ಲೇ ಇತ್ತು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಹಸಿ ಕಡಲೆ ಸೊಪ್ಪು, ಶೇಂಗಾ ಚಟ್ನಿ ಉಂಡೆವು. ಅಣ್ಣಾರ ಕೈ ತೊಳೆಯಲು ಹಿತ್ತಲಿಗೆ ಹೋದಾಗ ವೈನಿ ಮಗ್ಗದ ಮುಂದೆ ಕುಳಿತು, ನೂಲಿನ ಎಳೆಗಳನ್ನು ಪಂಜ ಎಂಬ ಕಬ್ಬಿಣದ ಹಣಿಗೆಯಿಂದ ಕೆಳಗೆ ಬಡಿಯುತ್ತಲೇ ನನ್ನತ್ತ ನೋಡದೆ ಕೇಳಿದರು.

"ನೀವು ದಿನಾ ಅವರ ಹಿಂದ ಇರತೀರಿ. ನಿಮಗೇನರ ಕಾಣಸ್ತೈತೇನ್ರಿ?"

"ಏನ್ರಿ ವೈನಿ?"

"ನೂಲಿನ ಉಂಡಿ ಕೊಡ್ರಿ ಅಂದ್ರ ಬಲಗಡೆದು ಅಷ್ಟ ಕೊಡತಾರ. ಎಡಗಡೆ ಇದ್ದದ್ದು ಇಲ್ಲ ಅಂತಾರ. ಬಾಜೂಕ ಇರತೈತಿ, ಇಲ್ಲ ಅಂತಾರ."

ನಾನು ಹಿತ್ತಲ ಕಡೆ ನೋಡಿದೆ. ಆಮೇಲೆ, "ನನಗೇನೂ ಹಂಗ ಅನಿಸಿಲ್ರಿ" ಎಂದೆ. ವೈನಿ ಪಂಜದ ಕೈ ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಬಡಿಯತೊಡಗಿದರು. ನಾನು ಸುಳ್ಳು ಹೇಳಿದ್ದು ಅವರಿಗೆ ತಿಳಿದಿತ್ತು, ಅದು ನನಗೂ ತಿಳಿಯಿತು.

ಅದಾಗಿ ಎರಡು ವಾರಕ್ಕೆ ಅದು ನಡೆಯಿತು.

ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ಒಳರಸ್ತೆಯಲ್ಲಿ ಒಂದು ಸಣ್ಣ ಊರು. ಊರು ಮುಗಿಯುವಲ್ಲಿ ಕಾಲುವೆಯ ಮೇಲೆ ಒಂದು ಸಣ್ಣ ಸೇತುವೆ, ಅದಕ್ಕೆ ತಾಗಿದಂತೆಯೇ ಎಡಕ್ಕೆ ಒಂದು ಗಟ್ಟಿ ತಿರುವು. ಬೆಳಗಿನ ಒಂಬತ್ತರ ಹೊತ್ತು. ಎಂದಿನಂತೆ ದಾರಿ ತೆರವು ಮಾಡುವ ನಮ್ಮ ಜೀಪು ಮುಂದೆ ಹೋಗಿತ್ತು. ಸಾಮಾನ್ಯವಾಗಿ ಕ್ಯಾಬಿನ್ನಿನ ಎಡಬದಿಗೆ ನಮ್ಮವನೊಬ್ಬ ನಡೆಯುತ್ತಾನೆ. ಅಂದು ಒಂದು ತಂತಿ ಕೆಳಗೆ ಜೋತುಬಿದ್ದಿದ್ದರಿಂದ ಅವನೂ ಬಿದಿರು ಗಳ ಹಿಡಿದು ತಂತಿ ಎತ್ತಲು ಮುಂದಕ್ಕೆ ಓಡಿದ್ದ. ಅಣ್ಣಾರ ಎಡಕ್ಕೆ ತಿರುಗಿಸಿದರು. ವಾಕಿಟಾಕಿಯಲ್ಲಿ ಆ ಸ್ವರ ಬರುತ್ತಿತ್ತು, ನೆಟ್ಟಗೆ, ನಡುಗದೆ.

ನಾನು ಎಡಬದಿಯಲ್ಲಿಯೇ ನಡೆಯುತ್ತಿದ್ದೆ. ಲಾರಿ ತಿರುಗಿದಂತೆ ಅದರ ಎಡ ಮಗ್ಗುಲು ನನಗೆ ಪೂರ್ತಿ ಕಾಣತೊಡಗಿತು. ಸೇತುವೆಯ ಕೊನೆಯ ಕಟ್ಟೆಯ ಬುಡದಲ್ಲಿ ಒಬ್ಬ ಮುದುಕ ರಸ್ತೆಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕುಳಿತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದ. ಮುಂದಿನ ಗಾಲಿ ಅವನ ಕಡೆಗೆ ಬರುತ್ತಿತ್ತು. ಬಹಳ ನಿಧಾನವಾಗಿ ಬರುತ್ತಿತ್ತು. ನಮ್ಮ ಗಾಡಿಯದು ಎಲ್ಲವೂ ನಿಧಾನವೇ. ಅವನಿಗೆ ಕಿವಿ ಕೇಳುತ್ತಿರಲಿಲ್ಲವೋ, ಎಂಜಿನ್ನಿನ ಸದ್ದು ದೂರದ್ದೆಂದು ತಿಳಿದಿದ್ದನೋ, ಗೊತ್ತಿಲ್ಲ. ಮುಂದಿನ ಕನ್ನಡಿಯಲ್ಲಿ ಅವನು ಕಾಣಲೇಬೇಕು. ಅಣ್ಣಾರ ನಿಲ್ಲಿಸುತ್ತಾರೆ ಎಂದು ನಾನು ಒಂದು ಹೆಜ್ಜೆ ಕಾದೆ, ಎರಡು ಹೆಜ್ಜೆ ಕಾದೆ. ಸ್ವರ ನೆಟ್ಟಗೇ ಇತ್ತು.

"ನಿಲ್ಲಸ್ರಿ!"

ಯಾಕೆಂದು ಅವರು ಕೇಳಲಿಲ್ಲ. ನನ್ನ ಬಾಯಿಂದ ಮಾತು ಪೂರ್ತಿ ಹೊರಬೀಳುವ ಮೊದಲೇ ಬ್ರೇಕಿನ ಗಾಳಿ ಬುಸ್ಸೆಂದಿತು. ರೆಕ್ಕೆ ಮುಂದಿನಿಂದ ಹಿಂದಿನವರೆಗೆ ಒಂದು ಸಲ ನಡುಗಿ, ಅದರ ತುದಿ ನನ್ನ ತಲೆಯ ಮೇಲೆ ತುಸು ಹೊತ್ತು ತೂಗಿ ನಿಂತಿತು.

ನಾನು ಓಡಿದೆ. ಗಾಲಿಗೂ ಮುದುಕನ ಬೆನ್ನಿಗೂ ನಡುವೆ ಒಂದು ಗೇಣು ಜಾಗವಿತ್ತು. ಅವನು ಚಪ್ಪಲಿ ಸರಿಮಾಡಿಕೊಂಡು, ಮೊಣಕಾಲಿಗೆ ಕೈ ಊರಿ ಎದ್ದು ತಿರುಗಿದ. ಎದುರಿಗೆ ಸೊಂಟದೆತ್ತರದ ಗಾಲಿ ಕಂಡು ಕೂಡ ಬೆದರಲಿಲ್ಲ. ರೆಕ್ಕೆಯ ಉದ್ದವನ್ನು ಕಣ್ಣಿನಿಂದ ಅಳೆದು, "ಎಷ್ಟು ಉದ್ದ ಐತೋ ಇದು!" ಎಂದ. ಅದರ ಬದಿಗೇ ಕೈ ಸವರುತ್ತ ಹಿಂದಿನ ತುದಿಯವರೆಗೂ ನಡೆದು, ಊರೊಳಗೆ ಹೋಗಿಬಿಟ್ಟ. ಏನಾಗಬಹುದಿತ್ತು ಎಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ನಾನು ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಾಗಿಲು ತೆರೆದೆ. ಅಣ್ಣಾರ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕುಳಿತಿದ್ದರು.

"ಏನಾತೋ ತಮ್ಮಾ?"

"ಆ ಮುದುಕ ಕಂಡಿದ್ನೇನ್ರಿ ನಿಮಗ?"

"ಯಾವ ಮುದುಕ?"

ನನಗೆ ಸಿಟ್ಟು ಬಂತು. "ಖರೆ ಹೇಳ್ರಿ ಅಣ್ಣಾರ. ಎಡಗಡೆ ನಿಮಗ ಕಾಣತೈತೋ ಇಲ್ಲೋ?"

ಅವರು ಬಹಳ ಹೊತ್ತು ಎದುರಿನ ಕಾಲುವೆಯನ್ನೇ ನೋಡಿದರು. ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು.

"ಇಲ್ಲೋ" ಎಂದರು. "ವರ್ಷದ ಮ್ಯಾಲಾತು. ಪಡದಿ ಸರದಂಗ ಒಂದೊಂದ ಬಟ್ಟು ಸರಕೋತ ಬಂತು. ಎಡಗಡೆದು ನಿನ್ನ ಮಾತಿನ ಮ್ಯಾಲ ನಡಸಾಕತ್ತಿದ್ದೆ."

"ಹೇಳಬೇಕಿತ್ತಲ್ರಿ!"

"ನೀ ಕೇಳಬೇಕಿತ್ತಲ್ಲೋ. ನಿನಗ ತಿಳದಿತ್ತು."

ಅವರು ಎಂಜಿನ್ ಆರಿಸಿ, ಕೀಲಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ನಾನು ಮೇಲ್ವಿಚಾರಕನಿಗೆ ಫೋನು ಮಾಡಿ ಗಾಡಿ ಕೆಟ್ಟಿದೆ ಎಂದು ಹೇಳಲು ಹೊರಟಿದ್ದೆ. ಅವರು ಫೋನು ಕಸಿದುಕೊಂಡರು. "ಸಾಹೇಬ್ರ, ಗಾಡಿ ಚಲೋ ಐತ್ರಿ. ನನಗ ಎಡಗಡೆ ಕಣ್ಣು ಕಾಣೂದಿಲ್ರಿ. ಬ್ಯಾರೆ ಡ್ರೈವರ್ ಕಳಸ್ರಿ" ಎಂದರು. ಅಷ್ಟು ಹೇಳಿದ ಮೇಲೆ ಅವರ ಮುಖದಲ್ಲಿ ಒಂದು ಬಗೆಯ ಹಗುರ ಬಂತು. ಬಹಳ ದಿನ ಹೊತ್ತ ಮೂಟೆ ಇಳಿಸಿದವರ ಕುತ್ತಿಗೆ ಹೇಗೆ ಸಡಿಲಾಗುತ್ತದೆಯೋ ಹಾಗೆ.

ಬೇರೆ ಡ್ರೈವರ್ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ರೆಕ್ಕೆ ಆ ಊರಿನಲ್ಲಿಯೇ ಇತ್ತು. ಜೀಪಿನ ಡ್ರೈವರ್ ಗಾಡಿಯನ್ನು ಹೇಗೋ ಮೆಲ್ಲಗೆ ಸೇತುವೆಯ ಈಚೆಗೆ ಹಿಂದೆ ತೆಗೆದು, ನೇರ ಮಾಡಿ ಒಂದು ಬದಿಗೆ ಒತ್ತರಿಸಿದ. ಮೋಟಾರ್ ಸೈಕಲ್ಲು, ಚಕ್ಕಡಿಗಳು ಪಕ್ಕದಿಂದ ದಾಟುತ್ತಿದ್ದವು. ದೊಡ್ಡ ಗಾಡಿಗಳು ಬೇರೆ ದಾರಿ ಹಿಡಿದವು. ಅಣ್ಣಾರನ್ನು ಅಂದೇ ವೈನಿ ಬಂದು ಬಸ್ಸಿನಲ್ಲಿ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗುವಾಗ ವೈನಿ ರೊಟ್ಟಿಯ ಗಂಟೊಂದನ್ನು ಮಾತ್ರ ನನ್ನ ಕೈಗೆ ಕೊಟ್ಟು ಹೋದರು.

ನಾನು ರೆಕ್ಕೆ ಕಾಯುತ್ತ ಉಳಿದೆ. ಊರಿನ ಹೆಂಗಸರು ಮೊದಲ ದಿನ ದೂರ ನಿಂತು ನೋಡಿದರು. ಎರಡನೆಯ ದಿನ ಅದರ ನೆರಳಿನಲ್ಲಿ ಚಾಪೆ ಹಾಸಿ ಜೋಳ ಹಸನು ಮಾಡತೊಡಗಿದರು. ನೆರಳು ಸರಿದಂತೆ ಅವರ ಚಾಪೆಗಳೂ ಸರಿಯುತ್ತಿದ್ದವು. ಶಾಲೆಯ ಅಕ್ಕೋರು ಒಬ್ಬರು ಇಡೀ ತರಗತಿಯನ್ನು ಸಾಲಾಗಿ ಕರೆತಂದು ರೆಕ್ಕೆಯ ಉದ್ದವನ್ನು ಹೆಜ್ಜೆಯಿಂದ ಅಳೆಸಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಬಂತು, ಎಲ್ಲವನ್ನೂ ಅವರು ಸರಿ ಎಂದರು.

ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ನಾನು ರೆಕ್ಕೆಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಅದರೊಳಗು ಟೊಳ್ಳು. ಬಯಲಿನ ಗಾಳಿ ಹೊರಗೆ ಬೀಸುತ್ತಿದ್ದರೆ ಒಳಗೆ ಒಂದು ತೆಳ್ಳನೆಯ ಗುಂಯ್‌ಗುಡುವಿಕೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ನಾನು ಕಣ್ಣು ಮುಚ್ಚುತ್ತಿದ್ದೆ. ರಸ್ತೆ, ಕಾಲುವೆ, ಊರು ಎಲ್ಲವೂ ಮೆಲ್ಲಗೆ ಜಾರಿ ಹೊರಟಂತೆ, ನಾನು ಮಾತ್ರ ನಿಂತಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಮುದುಕನ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಆ ಎರಡು ಹೆಜ್ಜೆ ಯಾಕೆ ಕಾದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಅವರಿಗೆ ಕಾಣುತ್ತದೆ ಎಂದು ನಂಬಬೇಕಿತ್ತು ನನಗೆ. ಅದಕ್ಕೇ ಕಾದಿದ್ದೆ.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬಂದಿಳಿದರು. ಅಣ್ಣಾರ ಬಿಳಿ ಅಂಗಿ ಹಾಕಿದ್ದರು. ಕೆಲಸದ ದಿನ ನಾನು ಅವರನ್ನು ಬಿಳಿ ಅಂಗಿಯಲ್ಲಿ ನೋಡಿಯೇ ಇರಲಿಲ್ಲ.

"ಡಾಕ್ಟರ್ ಏನಂದ್ರು ಅಣ್ಣಾರ?"

"ಹೋದದ್ದು ಬರೂದಿಲ್ಲಂತ. ಕಣ್ಣೊಳಗ ಒತ್ತಡ ಹೆಚ್ಚಾಗಿ ನರ ಒಣಗಿದಾವಂತ. ಉಳದದ್ದು ಉಳಸಾಕ ದಿನಾ ಔಷಧ ಹಾಕ್ಕೋಬೇಕು. ಗಾಡಿ ಮುಟ್ಟಬಾರದು."

"ಮೊದಲ ಬಂದಿದ್ರ ಇನ್ನೂ ಭಾಳ ಉಳೀತಿತ್ತಂತ್ರಿ" ಎಂದು ವೈನಿ ಸೇರಿಸಿದರು. ಆ ಮಾತನ್ನು ಅವರು ನಮ್ಮಿಬ್ಬರಿಗೂ ಹೇಳಿದರು. ನಾನು ಅವರ ಕಾಲಿನ ಕಡೆ ನೋಡುತ್ತ, "ನಂದು ತಪ್ಪಾತ್ರಿ ವೈನಿ. ಅವತ್ತು ನೀವು ಕೇಳಿದಾಗ ನಾ ಸುಳ್ಳ ಹೇಳಿದೆ" ಎಂದೆ.

ಅವರು, "ನಾನೂ ಒಂದ ಸಲ ಕೇಳಿ ಬಿಟ್ಟೆ. ಬಿಡಬಾರದಾಗಿತ್ತು" ಎಂದರು. ಆಮೇಲೆ, "ಉಂಡೀರೇನ್ರಿ?" ಎಂದು ಕೇಳಿದರು.

ಅಣ್ಣಾರ ನಮ್ಮ ಮಾತಿಗೆ ಕಿವಿಗೊಡದೆ ಕ್ಯಾಬಿನ್ನಿನ ಬಳಿ ಹೋಗಿದ್ದರು. ರೆಕ್ಕೆಯ ಬುಡ ಶುರುವಾಗುವಲ್ಲಿ ಅಂಗೈ ಇಟ್ಟು, ಹಾಗೆಯೇ ಸವರುತ್ತ ಹಿಂದಕ್ಕೆ ನಡೆದು ಬಂದರು. ಬುಡದಲ್ಲಿ ಅದು ಒಂದು ಕೋಣೆಯಷ್ಟು ದಪ್ಪ, ಬರುತ್ತ ಬರುತ್ತ ತೆಳ್ಳಗಾಗಿ ತುದಿಯಲ್ಲಿ ನನ್ನ ಅಂಗೈಯಷ್ಟಾಗುತ್ತದೆ. ತುದಿ ಎತ್ತರದಲ್ಲಿತ್ತು. ನಾನು ಒಂದು ಕಟ್ಟಿಗೆಯ ಪೆಟ್ಟಿಗೆ ತಂದಿಟ್ಟೆ. ಅವರು ನನ್ನ ಹೆಗಲು ಹಿಡಿದು ಅದನ್ನು ಹತ್ತಿ, ಕೆಂಪು ಬಟ್ಟೆ ಕಟ್ಟಿದ್ದ ಆ ತುದಿಯನ್ನು ಎರಡು ಬೆರಳಿನಿಂದ ಮುಟ್ಟಿದರು.

"ಇಷ್ಟು ವರ್ಷ ಎಳದೇನಿ. ಈ ತುದಿ ಒಮ್ಮೆನೂ ಮುಟ್ಟಿದ್ದಿಲ್ಲ ನೋಡೋ" ಎಂದರು. "ಇಷ್ಟು ತೆಳ್ಳಗ ಇರತೈತಂತ ಗೊತ್ತ ಇದ್ದಿಲ್ಲ."

ಅಂದು ಮಧ್ಯಾಹ್ನವೇ ಹೊಸ ಡ್ರೈವರ್ ಬಂದ. ಉತ್ತರದ ಯಾವುದೋ ಊರಿನವನು, ಕನ್ನಡ ಬಾರದು. ನನ್ನ ಹಿಂದಿ, ಕಬ್ಬು ಕಡಿಯಲು ಹೊರಗಿನಿಂದ ಬರುವವರಿಂದ ಟ್ರ್ಯಾಲಿ ತುಂಬಿಸಿಕೊಳ್ಳುವಷ್ಟು ಮಾತ್ರ. ತಿರುವನ್ನು ನೋಡಿ ಅವನು ತಲೆ ಅಲ್ಲಾಡಿಸಿದ. ಅಣ್ಣಾರ ಅವನನ್ನು ಕರೆದುಕೊಂಡು ಸೇತುವೆಯ ಮೇಲೆ ಎರಡು ಸಲ ನಡೆದಾಡಿ, ಎಲ್ಲಿ ತಿರುಗಿಸಬೇಕು, ಎಲ್ಲಿ ತಡೆಯಬೇಕು ಎಂದು ಕಾಲಿನಿಂದ ಗೆರೆ ಎಳೆದು ತೋರಿಸಿದರು. ಆಮೇಲೆ ಅವನ ಪಕ್ಕದ ಸೀಟಿನಲ್ಲಿ ವಾಕಿಟಾಕಿ ಹಿಡಿದು ಕುಳಿತರು. ಕ್ಯಾಬಿನ್ನಿನ ಎಡಬದಿಗೆ ಈ ಸಲ ಇಬ್ಬರನ್ನು ನಿಲ್ಲಿಸಿದೆ, ಯಾವ ಕಾರಣಕ್ಕೂ ಜಾಗ ಬಿಡಬಾರದೆಂದು ಹೇಳಿ.

ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರು ಹಿಂದಿಯಲ್ಲಿ ಅವನಿಗೆ ಹೇಳಿದರು. ಅವನು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ನನಗೆ ಹೇಳಿದರು. ಗೇಣು ಗೇಣಾಗಿ ರೆಕ್ಕೆ ತಿರುಗಿತು. ಅದರ ನೆರಳು ಮೊದಲು ನೀರಿನ ಮೇಲೆ ಬಿತ್ತು, ಆಮೇಲೆ ಕಾಲುವೆಯ ದಂಡೆಯ ಮೇಲೆ, ಆಮೇಲೆ ಆಚೆಯ ಕುಸುಬೆ ಹೊಲದ ಮೇಲೆ. ಊರವರೆಲ್ಲ ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ನನ್ನ ಗಾಲಿಗಳು ಸೇತುವೆ ಇಳಿದಾಗ ವಾಕಿಟಾಕಿಯಲ್ಲಿ ಅವರು, "ದಾಟಿತೇನೋ?" ಎಂದರು.

"ದಾಟಿತ್ರಿ ಅಣ್ಣಾರ."

"ಹಾಂ. ಹೋಗೂಣು."

ಸಂಜೆಯ ಹೊತ್ತಿಗೆ ಗಾಳಿಯಂತ್ರದ ಜಾಗ ಮುಟ್ಟಿದೆವು. ಅಣ್ಣಾರ ಕ್ಯಾಬಿನ್ನಿನಿಂದ ತಮ್ಮ ನೀರಿನ ಬಾಟಲಿ, ಟವೆಲ್ಲು, ಸೀಟಿಗೆ ಹಾಸಿಕೊಳ್ಳುತ್ತಿದ್ದ ವೈನಿ ನೇಯ್ದ ಸಣ್ಣ ಜಮಖಾನೆ ತೆಗೆದುಕೊಂಡು ಇಳಿದರು. ಹೊಸ ಡ್ರೈವರ್ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರಿಗೆ ಅದು ಸಂಕೋಚವಾಗಿ ಬೇಗ ಬೇಗ ಜೀಪಿನ ಕಡೆಗೆ ನಡೆದುಬಿಟ್ಟರು.

ಕಂಪನಿಯವರು ಅವರನ್ನು ಕೆಲಸದಿಂದ ಬಿಡಿಸಿದರು, ಬೈಯಲಿಲ್ಲ. ಮೊದಮೊದಲು ಅವರಿಗೆ ಮನೆಯಲ್ಲಿ ಕೂರುವುದು ಕಷ್ಟವಾಯಿತು. ಬೆಳಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಬರುವ ಹೋಗುವ ಬಸ್ಸುಗಳನ್ನು ನೋಡಿಕೊಂಡು ನಿಲ್ಲುತ್ತಿದ್ದರಂತೆ. ಆಮೇಲೆ ವೈನಿ ಅವರನ್ನು ಮಗ್ಗದ ಎಡಬದಿಗೆ, ಎಲ್ಲವೂ ಬಲಕ್ಕೆ ಬರುವಂತೆ ಕೂರಿಸಿದರು. ಎದುರಿನದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ನೂಲು ಸುತ್ತಿ ಕೊಡುವುದು, ಎಳೆ ಎಣಿಸುವುದು, ಮುಗಿದ ಜಮಖಾನೆಗಳನ್ನು ಹೊತ್ತು ಬಸ್ಸಿನಲ್ಲಿ ಹುಬ್ಬಳ್ಳಿಗೆ ಮುಟ್ಟಿಸುವುದು ಅವರ ಕೆಲಸವಾಯಿತು. ಒಂದು ವರ್ಷದ ಮೇಲೆ ನಾನು ಹೋದಾಗ ಅವರೇ ಒಂದು ಜಮಖಾನೆಯ ಅಂಚು ನೇಯುತ್ತಿದ್ದರು. ಅಂಚು ಸ್ವಲ್ಪ ಸೊಟ್ಟಗಿತ್ತು. "ಬಿಚ್ಚೂದಿಲ್ಲ ನಾ, ಇರಲಿ" ಎಂದು ವೈನಿ ನಕ್ಕರು.

ಇಷ್ಟರಲ್ಲಿ ನಾನು ದೊಡ್ಡ ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಿದ್ದೆ. ಕೇಳಿದ ಕೂಡಲೇ ಅಣ್ಣಾರ, "ಮೊದಲ ಕಣ್ಣು ತೋರಸು" ಎಂದರು. ಲೈಸೆನ್ಸಿನ ಕಾಗದಕ್ಕೆ ಹೇಗೂ ಡಾಕ್ಟರು ಸಹಿ ಹಾಕುತ್ತಾರೆ ಎಂದೆ. ಅವರು ಒಪ್ಪಲಿಲ್ಲ. ತಾವೇ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಯ ಅದೇ ಆಸ್ಪತ್ರೆಗೆ ಬಂದರು. "ಇವನ್ನ ಅಗದಿ ಸರಿಯಾಗಿ ನೋಡ್ರಿ ಮೇಡಮ್ಮರ. ಇವ ದೊಡ್ಡ ಗಾಡಿ ಹೊಡ್ಯಾಂವ" ಎಂದು ಡಾಕ್ಟರಮ್ಮನಿಗೆ ಹೇಳಿ ಹೊರಗೆ ಬೆಂಚಿನ ಮೇಲೆ ಕುಳಿತರು.

ಕತ್ತಲ ಕೋಣೆಯೊಂದರಲ್ಲಿ ನನ್ನ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗದ್ದವನ್ನು ಒಂದು ಬಿಳಿಯ ಬೋಗುಣಿಯಂಥ ಯಂತ್ರದ ಮುಂದೆ ಇರಿಸಿದರು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿ ಸಣ್ಣ ಬೆಳಕು ಮಿನುಗಿದರೂ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಬೆಳಕುಗಳು ಬಂದವು. ಒಂದು ಮೇಲೆ, ಒಂದು ಕೆಳಗೆ, ಒಂದು ಬಲ ಅಂಚಿನಲ್ಲಿ, ಕೆಲವು ಇದ್ದವೋ ಇಲ್ಲವೋ ಎನ್ನುವಷ್ಟು ಮಸುಕು. ಎಡಗಡೆ ಒಂದಾದ ಮೇಲೊಂದು ಮಿನುಗಿದವು. ಪ್ರತಿಯೊಂದಕ್ಕೂ ಗುಂಡಿ ಒತ್ತಿದೆ. ಇದೇ ಕುರ್ಚಿಯಲ್ಲಿ ಇದೇ ಬೋಗುಣಿಯೊಳಗೆ ಅಣ್ಣಾರ ನೋಡಿದ್ದರು. ಎಡಗಡೆ ಮಿನುಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಬೆರಳು ಸುಮ್ಮನೆ ಗುಂಡಿಯ ಮೇಲೆ ಕಾಯುತ್ತ ಕುಳಿತಿರಬೇಕು.

ಹೊರಗೆ ಬಂದಾಗ ಅವರು ಎದ್ದು ನಿಂತರು.

"ಎಷ್ಟು ಚಿಕ್ಕಿ ಕಂಡ್ವೋ?"

"ಎಣಿಸಲಿಲ್ರಿ. ಕಂಡಷ್ಟಕ್ಕ ಒತ್ತಿದೆ."

"ನಾನೂ ಕಂಡಷ್ಟಕ್ಕ ಒತ್ತಿದ್ದೆ" ಎಂದು ಅವರು ನಕ್ಕರು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಡಾಕ್ಟರಮ್ಮ ಕೊಟ್ಟ ಹಾಳೆಯನ್ನು ಅವರು ನನ್ನ ಕೈಯಿಂದ ಇಸಿದುಕೊಂಡು, ಕತ್ತು ಎಡಕ್ಕೆ ಪೂರ್ತಿ ತಿರುಗಿಸಿ, ಮೂಲೆಯಿಂದ ಮೂಲೆಯವರೆಗೂ ಸಾವಕಾಶವಾಗಿ ನೋಡಿದರು. ಕಣ್ಣಿಗೆ ಕಾಣದ ಕಡೆ ಆ ಹಾಳೆಯಲ್ಲಿ ಕಪ್ಪು ಬೀಳುತ್ತದೆ. ನನ್ನದರಲ್ಲಿ ಎಲ್ಲೂ ಕಪ್ಪು ಇರಲಿಲ್ಲ. ನಾಲ್ಕಾಗಿ ಮಡಿಸಿ ನನ್ನ ಕಿಸೆಯಲ್ಲಿ ತಾವೇ ಇಟ್ಟರು. ನವಲಗುಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ವೈನಿಗೆ ಬೇಕಾಗಿದ್ದ ನೀಲಿ ನೂಲು ತರಲು ಇಬ್ಬರೂ ಪೇಟೆಯ ಕಡೆಗೆ ನಡೆದೆವು.